ಸಂತೆಯ ಚೀಟಿಯೂ ವ್ಯಾಪಾರದ ಹಕ್ಕೂ

ಇರಕಲ್ಲಗಡದಂಥ ಹೋಬಳಿಯ ಊರಲ್ಲಾಗಲಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಂಥ ಪಟ್ಟಣದಲ್ಲಾಗಲಿ ಸಂತೆ ಕೂಡಿದಾಗ ಒಂದು ಚಿಕ್ಕ ಸಂಗತಿಯು ಎಲ್ಲರ ಕಣ್ಣಿಗೂ ಬೀಳುವದು. ಅದನ್ನು ವಿಚಾರಿಸಿ ನೋಡುವವರು ಮಾತ್ರ ವಿರಳ. ಹೊಲದಿಂದ ಕಾಯಿಪಲ್ಯವನ್ನು ಬುಟ್ಟಿಯಲ್ಲಿ ಹೊತ್ತು ತಂದ ಹೆಣ್ಣುಮಗಳು ಗೋಣಿತಟ್ಟನ್ನು ಹಾಸಿ ಕುಳಿತುಕೊಳ್ಳುವಳು. ತುಸು ಹೊತ್ತಿನ ಮೇಲೆ, ಸಂತೆಯ ಕರವನ್ನು ಲಿಲಾವಿನಲ್ಲಿ ಹಿಡಿದ ಗುತ್ತಿಗೆದಾರನ ಆಳು ಬಂದು ಹಣವನ್ನು ತೆಗೆದುಕೊಂಡು ಒಂದು ಚೀಟಿಯನ್ನು ಹರಿದು ಕೊಡುವನು. ಆ ಚೀಟಿಯಲ್ಲಿ ಅವಳ ಹೆಸರಿಲ್ಲ, ಊರಿಲ್ಲ, ಅವಳು ಮಾರುವ ಪದಾರ್ಥದ ಹೆಸರೂ ಇಲ್ಲ. ಇಷ್ಟು ಹಣ ಸಂದಿತು ಎಂಬುದೊಂದೇ ಅದರ ಅರ್ಥ. ಸಂಜೆಯ ಹೊತ್ತಿಗೆ ಆ ಚೀಟಿಯು ಗಾಳಿಗೆ ಹಾರಿ ಹೋಗುವದು.

ಹೀಗಿರುವಲ್ಲಿ ಆ ಹೆಣ್ಣುಮಗಳಿಗೆ ಅಲ್ಲಿ ಕುಳಿತು ಮಾರುವ ಅಧಿಕಾರವು ಎಲ್ಲಿಂದ ಬಂದಿತು? ಯಾರಾದರೂ ಬಂದು “ನೀನು ಇಲ್ಲಿ ದುಡಿಯಲು ಹಕ್ಕುಳ್ಳವಳೆಂಬುದಕ್ಕೆ ಸಾಧನವೇನು?” ಎಂದು ಕೇಳಿದರೆ ಅವಳು ಏನನ್ನು ತೋರಿಸಬೇಕು? ಈ ಪ್ರಶ್ನೆಯು ಕೇವಲ ಕಚೇರಿಯವರಿಗೆ ಬಿಟ್ಟುಕೊಡತಕ್ಕ ಪ್ರಶ್ನೆಯಲ್ಲ. ನಮ್ಮ ಸದ್ಭಕ್ತರಲ್ಲಿ ಬಹು ಜನರು ಬಣಜಿಗರು, ಗಾಣಿಗರು, ನೇಕಾರರು, ಒಕ್ಕಲಿಗರು. ಅವರ ಮನೆತನಗಳ ಜೀವನವು ನೂರಾರು ವರ್ಷಗಳಿಂದ ಸಂತೆಯ ನೆಲದ ಮೇಲೆ ನಡೆದು ಬಂದಿರುವದು. ಆದುದರಿಂದ ಈ ಹಕ್ಕಿನ ಸಾಧನವು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನು ಈ ಸಂಪುಟದ ವಾಚಕರ ಮುಂದೆ ಇಡುವದು ಅಪ್ರಸ್ತುತವಾಗಲಾರದು. ವಿಚಾರ ಮಾಡಿದಷ್ಟೂ ನಮಗೆ ತೋರುವದೇನೆಂದರೆ, ಪೂರ್ವದಲ್ಲಿ ರಾಜ್ಯವು ಸರಕನ್ನು ಕೇಳುತ್ತಿತ್ತು, ಮನುಷ್ಯನನ್ನು ಅವನ ಸಂಗಡಿಗರು ಬಲ್ಲವರಾಗಿದ್ದರು. ಇತ್ತೀಚಿನ ಕಾಲದಲ್ಲಿ ರಾಜ್ಯವು ಮನುಷ್ಯನನ್ನೇ ಕೇಳತೊಡಗಿರುವದು.

ಕೊಪಣವೆಂದು ಶಾಸನಗಳಲ್ಲಿ ಪ್ರಖ್ಯಾತವಾದ ನಮ್ಮ ಕೊಪ್ಪಳದ ಸೀಮೆಯು ಪುರಾತನವಾದುದು. ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿರುವವು. ಇಟಗಿಯ ಮಹಾದೇವ ದೇವಾಲಯವು ಕ್ರಿ. ಶ. ೧೧೧೨ರಲ್ಲಿ ಮಹಾದೇವ ದಂಡನಾಯಕನಿಂದ ನಿರ್ಮಿತವಾಯಿತು. ಕುಕನೂರು ಮೂವತ್ತು ಹಳ್ಳಿಗಳ ಒಂದು ನಾಡಿಗೆ ತಲೆಯೂರಾಗಿದ್ದಿತು; ಪಕ್ಕದ ಲಕ್ಕುಂಡಿಯು ಟಂಕಸಾಲೆಯ ಊರೆಂದು ಹೆಸರಾಗಿ, ಲೊಕ್ಕಿಗದ್ಯಾಣವೆಂಬ ಹೊನ್ನಿನ ನಾಣ್ಯಕ್ಕೆ ತನ್ನ ಹೆಸರನ್ನೇ ಕೊಟ್ಟಿತು. ಇಂಥ ನಾಡಿನಲ್ಲಿ ಎತ್ತಿನ ಹೇರುಗಳು ಹಗಲಿರುಳು ಸಂಚರಿಸುತ್ತಿದ್ದುದು ಸಹಜವೇ. ಆ ಹೇರುಗಳ ಮೇಲೆ ವಿಧಿಸುತ್ತಿದ್ದ ಸುಂಕಗಳ ಹೆಸರುಗಳು ಶಾಸನಗಳಲ್ಲಿ ತುಂಬಿರುವವು: ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದವು. ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು, ತಲೆಹೊರೆಗೆ ಇಷ್ಟು ಎಂಬ ನಿರ್ಣಯಗಳನ್ನು ನಾವು ಓದುತ್ತೇವೆ. ಎಲೆ, ಅಡಕೆ, ಮೆಣಸು, ಎಣ್ಣೆ, ಭತ್ತ ಇವುಗಳಿಗೆ ಬೇರೆ ಬೇರೆ ದರ. ಎಲ್ಲವೂ ಸರಕಿನ ಲೆಕ್ಕ.

ಹಾಗಾದರೆ ಸರಕನ್ನು ಹೊತ್ತು ತಂದವನು ಯಾರೆಂಬುದನ್ನು ಯಾರು ಬಲ್ಲವರಾಗಿದ್ದರು? ಅದಕ್ಕೆ ಉತ್ತರವಾಗಿ ಅಯ್ಯಾವೊಳೆಯ ಐನೂರ್ವರ ಮಹಾಸಂಘವು ನಮ್ಮ ಕಣ್ಣೆದುರಿಗೆ ನಿಲ್ಲುವದು. ಅಯ್ಯಾವೊಳೆಯೆಂದರೆ ಇಂದಿನ ಐಹೊಳೆ. ಕುಷ್ಟಗಿಯ ಸೀಮೆಗೆ ಅದು ಬಹು ದೂರದ್ದಲ್ಲ. ಈ ಸಂಘದವರು ತಮ್ಮ ಧರ್ಮವನ್ನು ಬಣಂಜುಧರ್ಮವೆಂದೂ ತಮ್ಮ ಕಟ್ಟಳೆಯನ್ನು ಸಮಯವೆಂದೂ ಕರೆಯುತ್ತಿದ್ದರು. ಸೆಟ್ಟಿಗಳು, ಸೆಟ್ಟಿಗುತ್ತರು, ಗವರೆಗರು, ಗಾತ್ರಿಗರು, ಬೀರವಣಿಗರು, ಮುಮ್ಮುರಿದಂಡದವರು ಹೀಗೆ ಅದರಲ್ಲಿ ಅನೇಕ ಪಂಗಡಗಳಿದ್ದವು. ಬೀರವಣಿಗರೆಂದರೆ ಆಯುಧ ಹಿಡಿದು ಸರಕನ್ನು ಕಾಯುತ್ತ ನಡೆದವರೆಂದು ಹೆಸರಿನಿಂದಲೇ ಊಹಿಸಬಹುದು. ಊರಿನವನಾದರೆ ಸ್ವದೇಶಿ, ಹೊರಗಿನವನಾದರೆ ಪರದೇಶಿ, ನಾಲ್ಕೂ ದಿಕ್ಕಿಗೆ ಸಂಚರಿಸುವವನಾದರೆ ನಾನಾದೇಶಿ ಎಂಬ ವಿಂಗಡಣೆಯು ಶಾಸನಗಳಲ್ಲಿ ಪದೇ ಪದೇ ಬರುವದು. ಇಂದು ನಾವು ಪರದೇಶಿಯೆಂಬ ಮಾತನ್ನು ದಿಕ್ಕಿಲ್ಲದವನೆಂಬ ಅರ್ಥದಲ್ಲಿ ಬಳಸುತ್ತೇವೆ. ಆ ಕಾಲದಲ್ಲಿ ಅದು ವ್ಯಾಪಾರಿಯ ಒಂದು ಅಂತಸ್ತಾಗಿತ್ತೆಂಬುದು ನೆನಪಿಡತಕ್ಕ ಮಾತು.

ಕ್ರಿ. ಶ. ೧೨೦೪ರ ಬೆಳಗಾವಿಯ ಶಾಸನವು ಈ ವಿಷಯದಲ್ಲಿ ಬಹಳ ಬೆಲೆಯುಳ್ಳದ್ದು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಳಿಕೆಯಲ್ಲಿ, ವೇಣುಗ್ರಾಮವೆಂಬ ಆ ಪಟ್ಟಣದ ಒಂದು ಬಸದಿಗಾಗಿ ವ್ಯಾಪಾರಿಗಳು ತಾವೇ ಕೂಡಿ ತಮ್ಮ ಸರಕುಗಳ ಮೇಲೆ ಆಯವನ್ನು ಗೊತ್ತುಮಾಡಿಕೊಂಡರು. ಆ ಸಭೆಯಲ್ಲಿ ಕೂಂಡಿಯ ನಾಡಿನ ವರ್ತಕರಿದ್ದಂತೆಯೇ ಲಾಳ, ಅಂದರೆ ಗುಜರಾತದ ಕಡೆಯವರೂ, ಮಲೆಯಾಳದವರೂ ಇದ್ದರು. ವಾಚಕರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೂರದೇಶದ ವ್ಯಾಪಾರಿಯು ಪಟ್ಟಣದ ಸಭೆಯಲ್ಲಿ ಕುಳಿತು, ಧರ್ಮಕ್ಕೆ ಕೊಡತಕ್ಕ ಪಾಲಿಗೆ ತಾನೂ ಒಪ್ಪಿಗೆಯನ್ನಿತ್ತು, ಅದು ಕಲ್ಲಿನ ಮೇಲೆ ಬರೆಯಲ್ಪಟ್ಟಿತು. ಆ ಒಪ್ಪಿಗೆಯೇ ಅವನ ಸ್ಥಾನಕ್ಕೆ ಸಾಕ್ಷಿ. ಅವನನ್ನು ಬಲ್ಲವರು ಸಭೆಯಲ್ಲಿದ್ದರು. ಅವನ ಮಾತಿಗೆ ತಪ್ಪಿದರೆ ಹಿಡಿಯತಕ್ಕವರೂ ಅಲ್ಲಿಯೇ ಇದ್ದರು. ಅದೇ ಯುಗದ ಇಂಗ್ಲೆಂಡದ ಜಾತ್ರೆಗಳಲ್ಲಿ ಅಲೆಮಾರಿ ವ್ಯಾಪಾರಿಗಳ ವ್ಯಾಜ್ಯವನ್ನು ನಿಂತ ನಿಲುವಿನಲ್ಲಿ ತೀರಿಸುವ ನ್ಯಾಯಸ್ಥಾನಗಳಿದ್ದವು. ಧೂಳು ಹತ್ತಿದ ಪಾದಗಳೆಂಬ ಅರ್ಥದ ಹೆಸರು ಅವಕ್ಕಿತ್ತು. ದೇಶ ಬೇರೆಯಾದರೂ ಸಂತೆಯ ಕಷ್ಟವು ಒಂದೇ: ಇಂದು ಇದ್ದು ನಾಳೆ ಹೋಗುವವನನ್ನು ನಂಬುವದು ಹೇಗೆ?

ಆದರೂ ಈ ಸಂಘವನ್ನು ನಾವು ಹೊಗಳುವಾಗ ಮಿತಿಯನ್ನು ಮೀರಬಾರದು. ಸಮಯವು ತನ್ನವರನ್ನು ಬಲ್ಲುದು, ತನ್ನವರಲ್ಲದವರನ್ನು ಬಲ್ಲುದೇ? ತಲೆಹೊರೆಯ ಬಡವನಿಗೆ, ಹಗ್ಗ ಹೊಸೆದು ಮಾರುವವನಿಗೆ, ಮೊರ ಹೆಣೆಯುವವನಿಗೆ ಐನೂರ್ವರ ಪೀಠದಲ್ಲಿ ಸ್ಥಾನವಿದ್ದಿತೆಂದು ಹೇಳುವಂತಿಲ್ಲ. ಕಲ್ಯಾಣದ ಶರಣರ ಕಾಲವು ಇಲ್ಲಿಯೇ ನಮಗೆ ಬೇಕಾಗುವದು. ನುಲಿಯ ಚಂದಯ್ಯನವರು ಕೆರೆಯ ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ ಅದರಿಂದ ದಾಸೋಹವನ್ನು ನಡೆಯಿಸಿದರು. ಮೇದರ ಕೇತಯ್ಯನವರು ಬಿದಿರಿನ ಕಾಯಕವನ್ನು ಮಾಡಿದರು. ದುಡಿಮೆಯೇ ಮನುಷ್ಯನ ಯೋಗ್ಯತೆಗೆ ಸಾಧನವೆಂಬ ನಿರ್ಣಯವು ಅನುಭವಮಂಟಪದಿಂದ ಹೊರಟು ಬಂದಾಗ, ಅದು ಸಂತೆಯ ನೆಲಕ್ಕೂ ಸಂಬಂಧಿಸಿದ ನಿರ್ಣಯವಾಗಿತ್ತು. ವಸೂಲಿ ಮಾಡುವವರ ಕಡೆಯಿಂದಲೂ ಒಬ್ಬ ಶರಣರು ಬಂದರೆಂಬುದು ಇನ್ನೂ ಸ್ವಾರಸ್ಯವಾದ ಸಂಗತಿ. ಸುಂಕದ ಬಂಕಣ್ಣನವರ ಕಾಯಕವು ಸುಂಕವನ್ನು ತೆಗೆದುಕೊಳ್ಳುವದೇ ಆಗಿತ್ತು. ತಮ್ಮ ವಚನಗಳಲ್ಲಿ ಅವರು ಸುಂಕದ ಕಟ್ಟೆಯ ಮಾತುಗಳಿಂದಲೇ ಪರಮಾರ್ಥವನ್ನು ಹೇಳಿದರು. ಸುಂಕದವನಲ್ಲಿ ಸುಖದುಃಖವನ್ನು ಹೇಳಿಕೊಂಡು ಫಲವಿಲ್ಲವೆಂದು ನಾಡವರು ಗಾದೆ ಕಟ್ಟಿದ ಉದ್ಯೋಗದಿಂದ ಒಬ್ಬ ಶರಣರು ಮೇಲೆದ್ದು ಬಂದುದು ಸಾಮಾನ್ಯವಾದ ಮಾತಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ಸುಂಕದ ಕಟ್ಟೆಯು ಮತ್ತಷ್ಟು ಬಲಿತಿತು. ಗಂಗಾವತಿ ತಾಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಆ ಮಹಾನಗರ. ಹದಿನಾರನೆಯ ಶತಮಾನದ ನಾಲ್ಕನೆಯ ದಶಕದಲ್ಲಿ ಅದರ ವೃತ್ತಾಂತವನ್ನು ಬರೆದ ನೂನಿಜ್ ಎಂಬ ಪೋರ್ತುಗೀಜನು, ಇಂದಿನ ಹೊಸಪೇಟೆಯಾದ ನಾಗಲಾಪುರದ ಪ್ರಸ್ತಾಪದಲ್ಲಿ, ಒಂದು ಹೆಬ್ಬಾಗಿಲಿನ ಸುಂಕವನ್ನು ವರ್ಷಕ್ಕೆ ೧೨,೦೦೦ ಪರ್ದಾವೋ ಹೊನ್ನಿಗೆ ಗುತ್ತಿಗೆ ಕೊಡುತ್ತಿದ್ದರೆಂದು ಹೇಳುವನು. ಗುತ್ತಿಗೆಯವರು ಕೇಳಿದ್ದನ್ನು ಕೊಡದೆ ನಾಡಿನವನೂ ಒಳಗೆ ಹೋಗುವಂತಿರಲಿಲ್ಲ, ಪರದೇಶದವನೂ ಹೋಗುವಂತಿರಲಿಲ್ಲ. ದಿನಾಲು ೨,೦೦೦ ಹೇರೆತ್ತುಗಳು ಒಳಗೆ ಬರುತ್ತಿದ್ದವು, ಪ್ರತಿಯೊಂದು ಎತ್ತಿಗೂ ಸುಂಕ. ಕೊಂಬಿಲ್ಲದ ಎತ್ತಿಗೆ ಮಾತ್ರ ರಾಜ್ಯದಲ್ಲೆಲ್ಲಿಯೂ ಸುಂಕವಿರಲಿಲ್ಲವಂತೆ. ಈ ರಿಯಾಯಿತಿಗೆ ಕಾರಣವನ್ನು ಅವನು ಹೇಳಲಿಲ್ಲ. ಹೇರಿನ ಯಜಮಾನರು ಕೊಂಬಿಲ್ಲದ ಎತ್ತುಗಳನ್ನು ಹುಡುಕಿ ಕೊಂಡುಕೊಳ್ಳುತ್ತಿದ್ದಿರಬೇಕೆಂದು ನಮಗೆ ನಗೆಯೊಡನೆ ತೋರುವದು. ಇರಲಿ. ಇಲ್ಲಿ ಮುಖ್ಯವಾದ ಮಾತೆಂದರೆ, ಸ್ವದೇಶಿ ಪರದೇಶಿ ಎಂಬ ಭೇದವು ಹೆಬ್ಬಾಗಿಲಿನಲ್ಲಿ ಅಳಿದು, ಹಣ ಕೊಟ್ಟವನೇ ಹಕ್ಕುಳ್ಳವನು ಎಂಬ ಕ್ರಮವು ನೆಲೆಗೊಂಡಿತು. ಸಂತೆಯ ಇಂದಿನ ಚೀಟಿಯ ಪೂರ್ವಜನು ಆ ಹೆಬ್ಬಾಗಿಲೇ.

ಸರಕಿನ ಸುಂಕವಲ್ಲದೆ ಉದ್ಯೋಗದ ಮೇಲೂ ಆ ಕಾಲದಲ್ಲಿ ತೆರಿಗೆಯಿದ್ದಿತು. ಮಗ್ಗಕ್ಕೆ, ಗಾಣಕ್ಕೆ, ಕುಲುಮೆಗೆ, ಕ್ಷೌರಿಕನ ಕೆಲಸಕ್ಕೆ ಪ್ರತ್ಯೇಕ ಕರಗಳು. ಸದಾಶಿವರಾಯನ ಆಳಿಕೆಯಲ್ಲಿ ಅಳಿಯ ರಾಮರಾಜನು ಕೊಂಡೋಜನೆಂಬ ನಾಪಿತನ ಸೇವೆಗೆ ಮೆಚ್ಚಿ ನಾಪಿತರ ತೆರಿಗೆಗಳನ್ನು ಮನ್ನಾ ಮಾಡಿಸಿದ ಸಂಗತಿಯು ಕರ್ನಾಟಕದ ಅನೇಕ ಊರುಗಳ ಕಲ್ಲುಗಳ ಮೇಲೆ ಬರೆದಿರುವದು. ಒಬ್ಬ ಕುಶಲಿಯ ಕೈಗುಣದಿಂದ ಒಂದು ಕಸುಬಿನವರೆಲ್ಲರಿಗೂ ಬಿಡುಗಡೆಯಾಯಿತು. ಶಾಸನದ ಕಲ್ಲು ಆ ಕಸುಬಿನವರಿಗೆ ಪರವಾನಗಿಯ ಪತ್ರಕ್ಕಿಂತಲೂ ಗಟ್ಟಿಯಾದ ಸಾಧನವಾಗಿ ನಿಂತಿತು. ಅಧಿಕಾರಿಯು ಬಂದು ಕೇಳಿದರೆ ಊರ ಬಾಗಿಲಲ್ಲಿಯ ಕಲ್ಲನ್ನು ತೋರಿಸಿದರೆ ತೀರಿತು.

ವಿಜಯನಗರವು ಬಿದ್ದ ಮೇಲೆ ನಮ್ಮ ಸೀಮೆಯು ಹಲವು ಕೈಗಳನ್ನು ದಾಟಿತು. ಗಡವೆಂಬ ಮಾತನ್ನು ಹೆಸರಿನಲ್ಲಿಯೇ ಹೊತ್ತ ಇರಕಲ್ಲಗಡದ ಬೆಟ್ಟದ ಕೋಟೆಯೂ, ಟಿಪ್ಪೂ ಸುಲ್ತಾನನು ೧೭೮೬ರಲ್ಲಿ ಪಾಳೆಯಗಾರನಿಂದ ತೆಗೆದುಕೊಂಡು ಬಲಪಡಿಸಿದ ಕೊಪ್ಪಳದ ಕೋಟೆಯೂ ಆ ಕಾಲವನ್ನು ನೆನಪಿಗೆ ತರುವವು. ಕಡೆಗೆ ನಿಜಾಮರ ಆಳಿಕೆ ಸ್ಥಿರವಾಯಿತು. ಕೊಪ್ಪಳ ಮತ್ತು ಯಲಬುರ್ಗಾ ತಾಲೂಕುಗಳು ಸಾಲಾರಜಂಗರ ಜಾಗೀರಾದವು. ಗಂಗಾವತಿ, ಕುಷ್ಟಗಿಗಳು ಮೊದಲು ಲಿಂಗಸೂಗೂರು ಜಿಲ್ಲೆಗೂ ಅದು ೧೯೦೫ರಲ್ಲಿ ಮುರಿದ ಮೇಲೆ ರಾಯಚೂರು ಜಿಲ್ಲೆಗೂ ಸೇರಿದವು. ೧೮೦೦ರಲ್ಲಿ ನಿಜಾಮರು ಬಳ್ಳಾರಿಯ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟಂದಿನಿಂದ ತುಂಗಭದ್ರೆಯು ಎರಡು ರಾಜ್ಯಗಳ ಗಡಿಯಾಯಿತು. ಪಶ್ಚಿಮದಲ್ಲಿ ಗದಗಿನ ಕಡೆಗೆ ಮುಂಬಯಿ ಇಲಾಖೆ. ಹೀಗೆ ನಮ್ಮ ಕೊಪ್ಪಳದ ವ್ಯಾಪಾರಿಗೆ ಎರಡು ದಿಕ್ಕಿನಲ್ಲಿ ಗಡಿ ಬಂದು ನಿಂತಿತು. ಒಂದೇ ನುಡಿ, ಒಂದೇ ಬಂಧುಬಳಗ, ಒಂದೇ ಮಠದ ಶಿಷ್ಯವರ್ಗ, ನಡುವೆ ಮಾತ್ರ ನಾಕೆ.

ಈ ನಾಕೆಗಳ ಇಲಾಖೆಗೆ ಹೈದರಾಬಾದು ಸಂಸ್ಥಾನದಲ್ಲಿ ಕರೋಡಗಿರಿ ಎಂಬ ಹೆಸರು. ೧೮೦೨ರ ವಾಣಿಜ್ಯದ ಒಪ್ಪಂದದಲ್ಲಿ ಎರಡು ರಾಜ್ಯಗಳ ನಡುವಿನ ಸರಕಿಗೆ ಶೇಕಡಾ ೫ರ ಸುಂಕವೆಂದು ನಿಶ್ಚಯವಾಯಿತು. ಹೊಳೆಯಾಚೆಯ ಮದ್ರಾಸು ಇಲಾಖೆಯಲ್ಲಿ ಒಳನಾಡಿನ ಸಾಗಣೆಯ ಸುಂಕವು ೧೮೪೪ರಲ್ಲಿ ರದ್ದಾದರೂ, ಎರಡು ರಾಜ್ಯಗಳ ನಡುವಿನ ನಾಕೆಯು ತೆರೆಯಲಿಲ್ಲ. ಗದಗದಿಂದ ಹೊಸಪೇಟೆಗೆ ಹೋಗುವ ಉಗಿಬಂಡಿಯ ದಾರಿಯು ಕೊಪ್ಪಳದ ಮೂಲಕ ಹಾಯ್ದ ಮೇಲೆ ಹತ್ತಿ, ಶೇಂಗಾ, ಜೋಳಗಳ ಸಾಗಾಟವು ಹೆಚ್ಚಿತು, ಅದರೊಡನೆ ನಾಕೆಯ ಮಹತ್ವವೂ ಹೆಚ್ಚಿತು. ವ್ಯಾಪಾರಿಯ ಬಳಿಯಲ್ಲಿರಬೇಕಾದ ಕಾಗದವೆಂದರೆ ಸುಂಕ ಸಂದಾಯವಾದ ಪಾವತಿ. ಆ ಪಾವತಿಯು ಸರಕಿನ ಬೆನ್ನಿಗೆ ಹೋಗುತ್ತಿತ್ತೇ ಹೊರತು ಮನುಷ್ಯನ ಬೆನ್ನಿಗಲ್ಲ.

ಇದೇ ಸಂಸ್ಥಾನದಲ್ಲಿ ಮನುಷ್ಯನನ್ನು ಕೇಳುವ ಕಾಗದವೂ ಹುಟ್ಟಿತ್ತೆಂಬುದನ್ನು ಮರೆಯಬಾರದು. ೧೯೧೯ರಲ್ಲಿ ಮುಲ್ಕಿಯ ನಿಯಮಗಳು ಬಂದವು. ಸರಕಾರದ ನೌಕರಿ ಬೇಕೆಂಬವನು ಈ ಮುಲುಕಿನವನೆಂದು, ಇಲ್ಲವೆ ೧೫ ವರ್ಷ ಇಲ್ಲಿ ನೆಲೆಸಿದವನೆಂದು ತೋರಿಸಬೇಕಾಯಿತು. ಅದು ನೌಕರಿಗೆ ಮಾತ್ರ. ಸಂತೆಯಲ್ಲಿ ಈರುಳ್ಳಿ ಮಾರುವವನಿಗೆ ಮುಲ್ಕಿಯ ಪತ್ರವು ಬೇಕಿರಲಿಲ್ಲ. ನೂರು ವರ್ಷಗಳ ಹತ್ತಿರ ಕಳೆದ ಮೇಲೆ ಸಂವಿಧಾನಕ್ಕೆ ೩೭೧ಜೆ ಎಂಬ ಪರಿಚ್ಛೇದವು ಸೇರಿ ೨೦೧೩ರಿಂದ ಜಾರಿಗೆ ಬಂದು, ಕೊಪ್ಪಳ ಜಿಲ್ಲೆಯವರು ಮತ್ತೆ ಸ್ಥಾನಿಕರೆಂಬ ಪ್ರಮಾಣಪತ್ರವನ್ನು ತೆಗೆಯಿಸುವಂತಾದುದನ್ನು ನೋಡಿದರೆ, ಈ ನಾಡಿನವರಿಗೆ ಪ್ರಮಾಣಪತ್ರದ ಸಹವಾಸವು ಹೊಸದಲ್ಲವೆಂದು ಹೇಳಬಹುದು.

ಪೇಟೆಯಲ್ಲಿ ಮನುಷ್ಯನಿಗೆ ಪರವಾನಗಿಯೆಂಬುದು ಹೇಗೆ ಬಂದಿತು? ಅದು ಬಂದುದು ರೈತನ ಮೇಲೆ ನಡೆಯುತ್ತಿದ್ದ ಮೋಸದಿಂದ. ಪೇಟೆಗೆ ಬಂಡಿ ಕಟ್ಟಿಕೊಂಡು ಬಂದ ಒಕ್ಕಲಿಗನ ಹತ್ತಿಯನ್ನು ದಲಾಲನೂ ಕೊಳ್ಳುವವನೂ ಬಟ್ಟೆಯ ಕೆಳಗೆ ಕೈಯಿಟ್ಟು ಬೆರಳುಗಳ ಸನ್ನೆಯಿಂದ ದರ ಮಾಡುತ್ತಿದ್ದರು. ಮಾಲಿನ ಯಜಮಾನನು ಎದುರಿಗೇ ನಿಂತಿದ್ದರೂ ಅವನಿಗೆ ದರವು ತಿಳಿಯದು! ತೂಕದಲ್ಲಿ ಒಂದಿಷ್ಟು, ಕಸಕಡ್ಡಿಯೆಂದು ಒಂದಿಷ್ಟು, ಹಮಾಲಿಯೆಂದು ಒಂದಿಷ್ಟು ಮುರಿದುಕೊಳ್ಳುತ್ತಿದ್ದರು. ಇವುಗಳ ಜತೆಗೆ ಧರ್ಮಾದಾಯವೆಂಬ ಕಡಿತವೂ ಇತ್ತು. ದೇವಸ್ಥಾನ, ಗೋಶಾಲೆ, ಪಾಠಶಾಲೆಗಳ ಹೆಸರಿನಿಂದ ರೈತನ ಹಣವು ಕಡಿದುಹೋಗುತ್ತಿತ್ತು. ಮಠದ ಸಂಪುಟದಲ್ಲಿ ಈ ಮಾತನ್ನು ಬರೆಯುವದು ಕೆಲವರಿಗೆ ರುಚಿಸಲಿಕ್ಕಿಲ್ಲ. ಆದರೆ ಕೊಡುವವನ ಒಪ್ಪಿಗೆಯಿಲ್ಲದೆ ತೆಗೆದುಕೊಂಡ ಹಣವು ಧರ್ಮವಾಗಲಾರದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಬೆಳಗಾವಿಯ ವರ್ತಕರು ತಮ್ಮ ಸರಕಿನಿಂದ ತಾವೇ ಒಪ್ಪಿ ಕೊಟ್ಟ ಆಯಕ್ಕೂ, ದಲಾಲನು ರೈತನ ಪಟ್ಟಿಯಲ್ಲಿ ಮುರಿದುಕೊಂಡ ಧರ್ಮಾದಾಯಕ್ಕೂ ಭೂಮ್ಯಾಕಾಶಗಳ ಅಂತರವಿರುವದು. ೧೯೨೮ರಲ್ಲಿ ವರದಿಯನ್ನು ಕೊಟ್ಟ ವ್ಯವಸಾಯದ ರಾಜಕೀಯ ಆಯೋಗವು ಈ ಎಲ್ಲ ಕಡಿತಗಳನ್ನೂ ಎತ್ತಿ ತೋರಿಸಿ, ಪೇಟೆಗಳನ್ನು ಕಾಯಿದೆಯ ಕಟ್ಟಿಗೆ ಒಳಪಡಿಸಬೇಕೆಂದು ಹೇಳಿತು.

ಆ ಹಾದಿಯಲ್ಲಿ ವರ್‍ಹಾಡ ಪ್ರಾಂತವು ೧೮೯೭ರಲ್ಲಿಯೇ ಹತ್ತಿ ಮತ್ತು ಧಾನ್ಯದ ಪೇಟೆಗಳಿಗೆ ಕಾನೂನನ್ನು ಮಾಡಿತ್ತು. ಹೈದರಾಬಾದು ಸಂಸ್ಥಾನವು ೧೯೩೦ರಲ್ಲಿ ವ್ಯವಸಾಯ ಪೇಟೆಗಳ ಕಾಯಿದೆಯನ್ನು ತಂದಿತು. ನೆರೆಯ ಮದ್ರಾಸು ಇಲಾಖೆಯಲ್ಲಿ ೧೯೩೩ರಲ್ಲಿ, ಮುಂಬಯಿ ಇಲಾಖೆ ಮತ್ತು ಮೈಸೂರು ಸಂಸ್ಥಾನಗಳಲ್ಲಿ ೧೯೩೯ರಲ್ಲಿ ಇಂಥ ಕಾಯಿದೆಗಳಾದವು. ಸಂಸ್ಥಾನವು ೧೯೪೮ರ ಸಪ್ಟೆಂಬರ ೧೭ರಂದು ಕೊನೆಗೊಂಡು, ೧೯೫೬ರ ನವಂಬರ ೧ರಂದು ಕನ್ನಡನಾಡು ಒಂದಾದ ಮೇಲೆ, ಈ ಬೇರೆ ಬೇರೆ ಕಾಯಿದೆಗಳ ಸ್ಥಾನದಲ್ಲಿ ೧೯೬೬ರ ಕೃಷಿ ಉತ್ಪನ್ನ ಮಾರಾಟದ ಕಾಯಿದೆಯು ಬಂದು ೧೯೬೮ರಿಂದ ನಡೆಯಿತು. ಇವೆಲ್ಲವುಗಳ ತಿರುಳು ಒಂದೇ: ಕೊಳ್ಳುವ ವ್ಯಾಪಾರಿ, ಅಡತಿಯವನು, ದಲಾಲ, ತೂಕದವನು, ಹಮಾಲ ಇವರು ಪೇಟೆಯ ಸಮಿತಿಯಿಂದ ಪರವಾನಗಿಯನ್ನು ಪಡೆದ ಮೇಲೆಯೇ ಕೆಲಸಕ್ಕೆ ಕೈಹಾಕತಕ್ಕದ್ದು. ಮಾಲನ್ನು ತಂದ ಒಕ್ಕಲಿಗನಿಗೆ ಪರವಾನಗಿಯ ಕಟ್ಟಿಲ್ಲ. ಅವನ ರಕ್ಷಣೆಗಾಗಿ ಉಳಿದವರಿಗೆ ಕಟ್ಟು. ಇತಿಹಾಸದ ದೃಷ್ಟಿಯಿಂದ ಇದು ದೊಡ್ಡ ಪಲ್ಲಟ. ಮೊದಲ ಬಾರಿಗೆ ಕಾಗದವು ಸರಕನ್ನು ಬಿಟ್ಟು ಮನುಷ್ಯನ ಹೆಸರನ್ನು ಹಿಡಿಯಿತು. ಮೂಟೆ ಹೊರುವ ಹಮಾಲನ ಹೆಸರೂ ದಫ್ತರದಲ್ಲಿ ಬರೆಯಲ್ಪಟ್ಟಿತು. ತಪ್ಪು ಮಾಡಿದರೆ ಪರವಾನಗಿಯನ್ನು ಕಸಿದುಕೊಳ್ಳುವ ಭಯದಿಂದ ತಕ್ಕಡಿಯು ತುಸು ನೇರವಾಯಿತೆಂದು ಒಪ್ಪಬೇಕು.

ಆದರೆ ಪೇಟೆಯ ಅಂಗಳದ ಕಾಯಿದೆಯು ಬೀದಿಯ ಮೇಲೆ ಬುಟ್ಟಿಯಿಟ್ಟು ಕುಳಿತವರನ್ನು ಮುಟ್ಟಲಿಲ್ಲ. ಅವರು ಕಾಯಿದೆಯ ಕಣ್ಣಿಗೆ ಬಹುಕಾಲ ದಾರಿಗೆ ಅಡ್ಡಿಯಾದವರು ಮಾತ್ರ. ಯಾವ ಉದ್ಯೋಗವನ್ನಾದರೂ ವ್ಯಾಪಾರವನ್ನಾದರೂ ನಡೆಯಿಸುವ ಸ್ವಾತಂತ್ರ್ಯವನ್ನು ೧೯೫೦ರ ಸಂವಿಧಾನವು ತನ್ನ ೧೯ನೆಯ ಪರಿಚ್ಛೇದದಲ್ಲಿ ಪ್ರಜೆಗಳಿಗೆ ಕೊಟ್ಟಿತು. ಬೀದಿಯ ವ್ಯಾಪಾರಕ್ಕೂ ಅದು ಅನ್ವಯಿಸುವದೆಂದು ಸ್ಪಷ್ಟವಾಗಲು ಇನ್ನೂ ಬಹಳ ವರ್ಷಗಳು ಬೇಕಾದವು. ಮುಂಬಯಿಯ ಬೀದಿ ವ್ಯಾಪಾರಿಗಳ ಸಂಘದ ಖಟ್ಲೆಯಲ್ಲಿ ೧೯೮೫ರಲ್ಲಿಯೂ, ದಿಲ್ಲಿಯ ಸೋದನ ಸಿಂಗರ ಖಟ್ಲೆಯಲ್ಲಿ ೧೯೮೯ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಇದನ್ನು ವಿಚಾರಿಸಿತು. ಎರಡನೆಯ ತೀರ್ಪಿನಲ್ಲಿ, ಯೋಗ್ಯವಾದ ನಿರ್ಬಂಧಗಳಿಗೆ ಒಳಪಟ್ಟು ಬೀದಿಯಲ್ಲಿ ಮಾರುವದು ಆ ಪರಿಚ್ಛೇದದ ಹಕ್ಕೇ ಎಂದು ನಿರ್ಣಯವಾಯಿತು; ಇಂಥದೇ ಜಾಗ ತನಗೆ ಬೇಕೆಂದು ಹಟ ಹಿಡಿಯುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಈ ತೀರ್ಪುಗಳ ಫಲವು ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆಯಲ್ಲಿ ಪೂರ್ಣವಾಯಿತು.

ಈ ಕಾಯಿದೆಯನ್ನು ನಮ್ಮ ವಾಚಕರು ತುಸು ಸಾವಧಾನದಿಂದ ತಿಳಿಯಬೇಕು. ಐದು ವರ್ಷಕ್ಕೊಮ್ಮೆಯಾದರೂ ಪಟ್ಟಣದಲ್ಲಿ ಬೀದಿ ವ್ಯಾಪಾರಿಗಳ ಗಣತಿಯನ್ನು ಮಾಡಬೇಕು. ಗಣತಿಯಲ್ಲಿ ಸಿಕ್ಕವರಿಗೆ, ಪಟ್ಟಣದ ಜನಸಂಖ್ಯೆಯ ಶೇಕಡಾ ೨.೫ರ ಮಿತಿಯಲ್ಲಿ, ವ್ಯಾಪಾರದ ಪ್ರಮಾಣಪತ್ರವನ್ನು ಕೊಡಬೇಕು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡಾ ೪೦ಕ್ಕೆ ಕಡಿಮೆಯಿಲ್ಲದೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರು. ಒಬ್ಬನನ್ನು ಜಾಗದಿಂದ ಎಬ್ಬಿಸಬೇಕಾದರೆ ೩೦ ದಿನಗಳ ಸೂಚನೆ ಬೇಕು. ಸರಕನ್ನು ಜಪ್ತಿ ಮಾಡಿದರೆ ಯಾದಿಯನ್ನು ಕೊಡಬೇಕು. ದಂಡ ಕಟ್ಟಿದ ಮೇಲೆ ಕೆಡುವ ಪದಾರ್ಥವನ್ನು ಅದೇ ದಿವಸ, ಕೆಡದ ಪದಾರ್ಥವನ್ನು ಕಚೇರಿಯ ಎರಡು ದಿವಸಗಳೊಳಗಾಗಿ ಹಿಂದಕ್ಕೆ ಕೊಡಬೇಕು. ತಲೆಹೊರೆಯ ಬಡವನ ಹೆಸರನ್ನು ಹಿಡಿದು, ಅವನ ಬದನೆಕಾಯಿ ಬಾಡಿಹೋಗುವದನ್ನು ಕೂಡ ಎಣಿಸಿ ಬರೆದ ಕಾನೂನು ಹಿಂದೆ ನಮ್ಮ ನಾಡಿನಲ್ಲಿ ಇದ್ದಂತೆ ತೋರುವದಿಲ್ಲ. ಐನೂರ್ವರ ಸಮಯವು ಮಾಡದಿದ್ದುದನ್ನು ಇದು ಮಾಡಿತು.

ಆದರೆ ಹಕ್ಕಿನ ಜತೆಗೆ ಸಾಧನದ ಭಾರವೂ ಬಂದಿತು. ಪ್ರಮಾಣಪತ್ರವನ್ನು ಪಡೆಯುವವನು ವ್ಯಾಪಾರವನ್ನು ತಾನೇ ಇಲ್ಲವೆ ತನ್ನ ಮನೆಯವರೇ ನಡೆಯಿಸುವದಾಗಿ, ಪತ್ರವನ್ನು ಬೇರೆಯವರಿಗೆ ಕೊಡುವದಿಲ್ಲವೆಂದು, ತನಗೆ ಬೇರೆ ಜೀವನೋಪಾಯವಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಈ ಕಡೆಯ ಮಾತೇ ನಮ್ಮ ಹಳ್ಳಿಯ ಜನರಿಗೆ ಮುಳ್ಳಾಗುವದು. ಇರಕಲ್ಲಗಡದ ಕಡೆಯಿಂದ ವಾರಕ್ಕೆ ಒಂದೆರಡು ದಿವಸ ಕೊಪ್ಪಳದ ಬೀದಿಗೆ ಮೆಂತೆಯ ಸೂಡುಗಳನ್ನು ತರುವ ಹೆಣ್ಣುಮಗಳಿಗೆ ಒಂದು ತುಂಡು ಹೊಲವಿರುವದು. ಉಳಿದ ದಿವಸಗಳಲ್ಲಿ ಅವಳು ಕೂಲಿಗೂ ಹೋಗುವಳು. ಹೊಲದಿಂದಲೇ ಹೊಟ್ಟೆ ತುಂಬುವಂತಿದ್ದರೆ ಅವಳು ಬೀದಿಗೆ ಏಕೆ ಬರುವಳು? ಮೂರನ್ನೂ ಕೂಡಿಸಿದರೆ ಒಂದು ಜೀವನ. ಬೇರೆ ಉಪಾಯವಿಲ್ಲವೆಂದು ಬರೆದರೆ ಸುಳ್ಳಾಗುವದು, ಬರೆಯದಿದ್ದರೆ ಪತ್ರವಿಲ್ಲ. ಗಣತಿಯ ದಿವಸ ಅವಳು ಪಟ್ಟಣದಲ್ಲಿ ಇರದೆ ಹೋದರೆ ಆ ಮಾತೂ ಉಳಿಯುವದಿಲ್ಲ. ಇನ್ನು ಹಳ್ಳಿಯ ಸಂತೆಗೆ ಈ ಕಾಯಿದೆಯ ನೆರಳೇ ಇಲ್ಲ. ಅದು ನಗರ ಪಟ್ಟಣಗಳ ಆಡಳಿತಕ್ಕೆ ಸಂಬಂಧಿಸಿದ್ದು. ಗ್ರಾಮ ಪಂಚಾಯತಿಯು ೧೯೯೩ರ ಪಂಚಾಯತರಾಜ್ಯದ ಕಾಯಿದೆಯಂತೆ ಸಂತೆಯ ಕರವನ್ನು ತೆಗೆದುಕೊಳ್ಳಬಹುದು, ಅದಕ್ಕೆ ಚೀಟಿ ಕೊಡಬಹುದು. ಹೆಸರಿಲ್ಲದ ಆ ಚೀಟಿಗೇ ನಾವು ಮರಳಿ ಬಂದಂತಾಯಿತು.

ಇಂಗ್ಲೆಂಡದ ಕೆಲವು ನಗರಸಭೆಗಳು ತಮ್ಮ ಪೇಟೆಯಲ್ಲಿ ಮಳಿಗೆಯನ್ನು ಹಾಕುವವನು ಆ ದೇಶದಲ್ಲಿ ದುಡಿಯಲು ಕಾಯಿದೆಯ ಅಧಿಕಾರವುಳ್ಳವನೆಂಬುದನ್ನು ಮೊದಲೇ ಪತ್ರದಿಂದ ತೋರಿಸಬೇಕೆಂದು ಕೇಳುವವು. ಅಲ್ಲಿಯ ಪ್ರಶ್ನೆಯು ಯಾವ ದೇಶದವನೆಂಬುದು. ನಮ್ಮ ಹೆಣ್ಣುಮಗಳಿಗೆ ಎದುರಾಗುವ ಪ್ರಶ್ನೆಯು ಹಳ್ಳಿಯವಳೋ ಪಟ್ಟಣದವಳೋ, ರೈತಳೋ ವ್ಯಾಪಾರಿಯೋ ಎಂಬುದು. ಎರಡನೆಯ ಪ್ರಶ್ನೆಗೆ ಉತ್ತರವು ಹೆಚ್ಚು ಕಠಿಣವಾದುದೆಂದು ನಮ್ಮ ಅಭಿಪ್ರಾಯ. ಏಕೆಂದರೆ ಅವಳು ಎರಡೂ ಆಗಿರುವಳು.

ಈ ತೊಡಕಿಗೆ ಒಂದು ಬಾಗಿಲು ೨೦೨೦ರ ಜೂನ ತಿಂಗಳಲ್ಲಿ ಸ್ವಲ್ಪ ತೆರೆಯಿತು. ಮಹಾಮಾರಿಯ ಕಾಲದಲ್ಲಿ ಸಂತೆಗಳು ನಿಂತು ಬೀದಿಯ ವ್ಯಾಪಾರಿಗಳು ಬಂಡವಾಳವನ್ನು ಉಂಡು ಕುಳಿತಾಗ, ಕೇಂದ್ರ ಸರಕಾರವು ಸ್ವನಿಧಿಯೆಂಬ ಸಾಲದ ಯೋಜನೆಯನ್ನು ಆರಂಭಿಸಿತು. ಮೊದಲ ಸಾಲವು ಆಗ ೧೦,೦೦೦ ರೂಪಾಯಿಯಾಗಿತ್ತು. ಪ್ರಮಾಣಪತ್ರವುಳ್ಳವರಿಗೆ ಮಾತ್ರವಲ್ಲದೆ, ಗಣತಿಯಲ್ಲಿ ಬಿಟ್ಟುಹೋದವರಿಗೂ, ಸುತ್ತಲಿನ ಹಳ್ಳಿಗಳಿಂದ ಪಟ್ಟಣದ ಸೀಮೆಯೊಳಗೆ ಬಂದು ಮಾರುವವರಿಗೂ ನಗರಸಭೆಯ ಶಿಫಾರಸು ಪತ್ರದ ಮೇಲೆ ಸಾಲ ದೊರೆಯಬಹುದೆಂದು ಅದರ ನಿಯಮಗಳಲ್ಲಿ ಬರೆದರು. ಆ ಶಿಫಾರಸಿಗೆ ಸಾಧನವೇನು? ವ್ಯಾಪಾರಿಗಳ ಸಂಘದ ಸದಸ್ಯತ್ವವಾಗಬಹುದು, ತಾನು ಮಾರುವವನೆಂಬುದಕ್ಕೆ ಪುಷ್ಟಿ ಕೊಡುವ ಯಾವುದೇ ಕಾಗದವಾಗಬಹುದು. ಅದೂ ಇಲ್ಲದಿದ್ದರೆ ನಗರಸಭೆಯು ಸ್ವಸಹಾಯ ಗುಂಪು ಮೊದಲಾದವುಗಳನ್ನು ಕೂಡಿಕೊಂಡು ಸ್ಥಳದಲ್ಲಿಯೇ ವಿಚಾರಣೆ ಮಾಡಬಹುದು. ಅಂದರೆ ಪಕ್ಕದಲ್ಲಿ ಕುಳಿತು ಮಾರುವವರನ್ನು ಕೇಳುವದು. ವೇಣುಗ್ರಾಮದ ಸಭೆಯಲ್ಲಿ ಮಲೆಯಾಳದ ವರ್ತಕನನ್ನು ಬಲ್ಲವರು ಯಾರೋ, ಕೊಪ್ಪಳದ ಬೀದಿಯಲ್ಲಿ ಮೆಂತೆಯ ಸೂಡಿನವಳನ್ನು ಬಲ್ಲವರೂ ಅಂಥವರೇ.

ಮಠದ ಭಕ್ತರು ಮಾಡಬಹುದಾದ ಒಂದು ಕೆಲಸವನ್ನು ಇಲ್ಲಿ ಸೂಚಿಸುವದು ಉಚಿತವಾಗಿದೆ. ೨೦೧೪ರ ಕಾಯಿದೆಯ ಅನುಬಂಧದಲ್ಲಿ, ಬೀದಿ ವ್ಯಾಪಾರಿಗಳು ೫೦ ವರ್ಷಗಳಿಗೂ ಮೇಲ್ಪಟ್ಟು ವ್ಯಾಪಾರ ನಡೆಯಿಸಿದ ಸಹಜ ಪೇಟೆಯನ್ನು ಪರಂಪರೆಯ ಪೇಟೆಯೆಂದು ಸಾರಬೇಕು, ಅಲ್ಲಿಯವರನ್ನು ಬೇರೆಡೆಗೆ ಎಬ್ಬಿಸಬಾರದು ಎಂದಿರುವದು. ಐವತ್ತು ವರ್ಷಗಳೆಂಬುದನ್ನು ಯಾರು ತೋರಿಸಬೇಕು? ಗೋಣಿತಟ್ಟಿನ ಮೇಲೆ ಕುಳಿತವರ ಬಳಿಯಲ್ಲಿ ದಫ್ತರವಿಲ್ಲ. ಆದರೆ ಜಾತ್ರೆಗಳಲ್ಲಿ, ರಥದ ಬೀದಿಗಳಲ್ಲಿ ಅಂಗಡಿಯ ಜಾಗಕ್ಕಾಗಿ ಕಾಣಿಕೆಯನ್ನು ತೆಗೆದುಕೊಂಡ ಲೆಕ್ಕವು ಅನೇಕ ಮಠಗಳ ಹಳೆಯ ಕೀರ್ದಿಗಳಲ್ಲಿ ಇರಬಹುದು: ಬಳೆಯವರು, ಮಿಠಾಯಿಯವರು, ಪಾತ್ರೆಯವರು, ಕಂಬಳಿಯವರು, ಇಂಥ ವರ್ಷ ಇಂಥ ಊರಿನಿಂದ ಬಂದವರು ಎಂದು. ಪಟ್ಟಣಗಳಲ್ಲಿರುವ ಮಠಗಳವರು ಇಂಥ ಕೀರ್ದಿಗಳನ್ನು ಗೆದ್ದಲಿಗೆ ಬಿಡದೆ, ವರ್ಷಾನುಕ್ರಮವಾಗಿ ಹೆಸರು ಊರುಗಳ ಯಾದಿಯನ್ನು ತೆಗೆಯಿಸಿ, ವ್ಯಾಪಾರ ಸಮಿತಿಯು ಕೇಳಿದಾಗ ಮುಂದಿಡುವಂತೆ ಇರಿಸಬೇಕು. ಮೋಡಿ ಅಕ್ಷರಗಳಲ್ಲಿಯೂ ಉರ್ದುವಿನಲ್ಲಿಯೂ ಬರೆದ ಪುಟಗಳಿದ್ದರೆ, ಅವನ್ನು ಓದಬಲ್ಲ ವೃದ್ಧರು ಇರುವಾಗಲೇ ಕನ್ನಡಕ್ಕೆ ಇಳಿಸಿಕೊಳ್ಳಬೇಕು. ಹಳ್ಳಿಯ ಸಂತೆಯ ಮಟ್ಟಿಗೆ, ಕರದ ಚೀಟಿಯ ಮೇಲೆ ತಾರೀಖನ್ನೂ ಕೊಟ್ಟವರ ಹೆಸರನ್ನೂ ಬರೆದು ಕೊಡಬೇಕೆಂಬ ಒಂದು ಷರತ್ತನ್ನು ಪಂಚಾಯತಿಯು ಲಿಲಾವಿನ ಕರಾರಿನಲ್ಲಿ ಸೇರಿಸಿದರೆ, ಅದಕ್ಕೆ ತಗಲುವ ಖರ್ಚು ಒಂದು ಪೆನ್ಸಿಲಿನದು.